ಗರ್ಭಿಣಿಯೂ ಮನೋವ್ಯಾಧಿಯ ಮಾತ್ರೆಯೂ

ಸೀಮಂತವಾದ ಬಳಿಕ ಚೊಚ್ಚಲ ಬಸುರಿಯನ್ನು ತವರಿಗೆ ಕಳುಹಿಸಿಕೊಡುವುದು ನಮ್ಮವರಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಡೊಂಬಿವಲಿಯ ಚಾಳಿನಿಂದಲೋ ನೇರೂಳಿನ ಒಂದೂವರೆ ಕೋಣೆಯ ಮನೆಯಿಂದಲೋ ಹೊರಟವಳು ಥಾಣೆಯಲ್ಲಿ ಇಲ್ಲವೆ ಪನ್ವೇಲಿನಲ್ಲಿ ರೈಲು ಹತ್ತಿ ಉಡುಪಿ, ಕುಂದಾಪುರಗಳನ್ನು ಸೇರುತ್ತಾಳೆ. ಚೀಲದಲ್ಲಿ ಬಟ್ಟೆಬರೆ, ಕಬ್ಬಿಣದ ಮಾತ್ರೆ, ಸ್ಕ್ಯಾನಿಂಗಿನ ವರದಿ ಎಲ್ಲವೂ ಇರುತ್ತವೆ. ಆದರೆ ಆಕೆ ಮನೋವ್ಯಾಧಿಗೆ ಔಷಧ ಸೇವಿಸುತ್ತಿದ್ದವಳಾದರೆ, ಮನೋವೈದ್ಯರು ಬರೆದ ಚೀಟಿಯೊಂದು ಮಾತ್ರ ಹೆಚ್ಚಾಗಿ ಆ ಚೀಲದಲ್ಲಿ ಇರುವುದಿಲ್ಲ. ಅತ್ತೆಗೆ ತಿಳಿಯಬಾರದೆಂದು ಅದನ್ನು ಹರಿದಿರುತ್ತಾರೆ. ಅಥವಾ ಮದುವೆಗೆ ಮೊದಲೇ ತಾಯಿ ಬಚ್ಚಿಟ್ಟಿರುತ್ತಾಳೆ.

ಈ ಗುಟ್ಟಿನ ಬೆಲೆ ಎಷ್ಟೆಂಬುದನ್ನು ನಮ್ಮ ವಾಚಕರು, ಅದರಲ್ಲಿಯೂ ಮನೆಗೆ ಮಾತ್ರೆ ಕೊಂಡೊಯ್ಯುವ ಗಂಡಸರು, ಅರಿಯುವುದು ಅವಶ್ಯವಾಗಿದೆ.

ಮನಸ್ಸಿನ ಕಾಯಿಲೆಯ ಮಾತ್ರೆಗಳೆಲ್ಲವೂ ಗರ್ಭಕ್ಕೆ ಒಂದೇ ಬಗೆಯವಲ್ಲ. ಖಿನ್ನತೆಗೆ ಕೊಡುವ ಹಲವು ಔಷಧಗಳನ್ನು ವೈದ್ಯರ ನಿಗಾದಲ್ಲಿ ಗರ್ಭಕಾಲದಲ್ಲಿಯೂ ಮುಂದುವರಿಸಲಾಗುತ್ತದೆ. ಲಿಥಿಯಂ ತೆಗೆದುಕೊಳ್ಳುವವರಿಗೆ ಪದೇಪದೇ ರಕ್ತಪರೀಕ್ಷೆ ಬೇಕು. ಆದರೆ ವಾಲ್ಪ್ರೊಯೇಟ್ ಎಂಬ ಔಷಧದ ಮಾತೇ ಬೇರೆ. ಉನ್ಮಾದವೂ ಖಿನ್ನತೆಯೂ ಸರದಿಯಂತೆ ಬರುವ ಬೈಪೋಲಾರ್ ವ್ಯಾಧಿಗೆ, ಮೂರ್ಛೆರೋಗಕ್ಕೆ, ಕೆಲವೊಮ್ಮೆ ಅರೆತಲೆನೋವಿಗೂ ಇದನ್ನು ಕೊಡುವುದುಂಟು. ಸಾಮಾನ್ಯವಾಗಿ ನೂರು ಶಿಶುಗಳಲ್ಲಿ ಎರಡು ಮೂರು ಅಂಗದೋಷದಿಂದ ಹುಟ್ಟಿದರೆ, ತಾಯಿ ಗರ್ಭಕಾಲದಲ್ಲಿ ವಾಲ್ಪ್ರೊಯೇಟ್ ಸೇವಿಸಿದಲ್ಲಿ ಆ ಸಂಖ್ಯೆ ಹತ್ತರಷ್ಟಾಗುತ್ತದೆ. ಬೆನ್ನುಹುರಿ ಮುಚ್ಚಿಕೊಳ್ಳದಿರುವುದು, ಸೀಳುತುಟಿ, ಹೃದಯದ ದೋಷ ಇವುಗಳಲ್ಲಿ ಸೇರಿವೆ. ಅದಕ್ಕಿಂತ ಘೋರವಾದುದು ಹೆರಿಗೆಯ ಕೋಣೆಯಲ್ಲಿ ಕಾಣುವುದೇ ಇಲ್ಲ. ಇಂತಹ ಮಕ್ಕಳಲ್ಲಿ ನೂರಕ್ಕೆ ಮೂವತ್ತರಿಂದ ನಲವತ್ತು ಮಂದಿಗೆ ಮಾತು ತಡವಾಗುವುದು, ಕಲಿಕೆ ಕುಂಟುವುದು ಮುಂತಾದ ತೊಂದರೆಗಳು ಮುಂದೆ ತೋರಿಬರುತ್ತವೆ. ಬ್ರಿಟನ್ನಿನಲ್ಲಿ 2018ರಿಂದ, ಗರ್ಭನಿರೋಧದ ನಿಶ್ಚಿತ ಏರ್ಪಾಡಿಲ್ಲದೆ ಗರ್ಭ ಧರಿಸಬಲ್ಲ ಸ್ತ್ರೀಯರಿಗೆ ಇದನ್ನು ಕೊಡಬಾರದೆಂಬ ನಿಯಮವಿದೆ. ನಮ್ಮಲ್ಲಿ ಔಷಧದಂಗಡಿಯವನು ಹಳೆಯ ಚೀಟಿ ನೋಡಿ, ಕೆಲವೊಮ್ಮೆ ನೋಡದೆಯೂ, ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ಕೊಡುತ್ತಾನೆ. ಪಟ್ಟಿಯ ಮೇಲೆ ದೊಡ್ಡದಾಗಿ ಕಂಪೆನಿಯ ಹೆಸರಿರುತ್ತದೆ. ಅದರ ಕೆಳಗಿನ ಸಣ್ಣ ಅಕ್ಷರಗಳಲ್ಲಿ ವಾಲ್ಪ್ರೊಯೇಟ್ ಅಥವಾ ಡೈವಾಲ್ಪ್ರೊಯೆಕ್ಸ್ ಎಂದಿದೆಯೇ ಎಂದು ನೋಡಬೇಕು.

ಹಾಗಾದರೆ ಬಸುರಿ ಎಂದು ತಿಳಿದ ದಿನವೇ ಮಾತ್ರೆಯನ್ನು ಚರಂಡಿಗೆ ಎಸೆದರಾಯಿತೇ? ಅನೇಕರು ಮಾಡುವುದು ಅದನ್ನೇ, ಮಾಡಬಾರದ್ದೂ ಅದೇ. ಮುಟ್ಟು ತಪ್ಪಿ, ಪರೀಕ್ಷೆ ಮಾಡಿಸಿ, ನಿಶ್ಚಯವಾಗುವ ಹೊತ್ತಿಗೆ ಐದಾರು ವಾರ ಕಳೆದಿರುತ್ತದೆ. ಶಿಶುವಿನ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿ. ಆ ಹಾನಿಯನ್ನು ತಪ್ಪಿಸುವ ಕಾಲ ಮೀರಿದ ಮೇಲೆ ಔಷಧವನ್ನು ಹಠಾತ್ತನೆ ನಿಲ್ಲಿಸಿದವಳಿಗೆ ವ್ಯಾಧಿ ಮರುಕಳಿಸುವ ಅಪಾಯ ಸೇರಿಕೊಳ್ಳುತ್ತದೆ. ಮೂರ್ಛೆರೋಗವಿದ್ದವಳ ಪ್ರಾಣಕ್ಕೇ ಕುತ್ತಾಗಬಹುದು. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೈಪೋಲಾರ್ ವ್ಯಾಧಿಯ 89 ಗರ್ಭಿಣಿಯರ ಪೈಕಿ ಔಷಧ ನಿಲ್ಲಿಸಿದವರಲ್ಲಿ ನೂರಕ್ಕೆ 85 ಮಂದಿಗೂ ಮುಂದುವರಿಸಿದವರಲ್ಲಿ 37 ಮಂದಿಗೂ ಕಾಯಿಲೆ ಮರುಕಳಿಸಿತ್ತು. ಹೆರಿಗೆಯ ನಂತರದ ವಾರಗಳಂತೂ ಇನ್ನೂ ಕಠಿಣ. ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಕರೆದು ಮಂತ್ರವಾದಿಯನ್ನು ಕರೆಸುತ್ತಿದ್ದ ಆ ಚಿತ್ತವಿಕಾರ ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಬಂದರೆ, ಬೈಪೋಲಾರ್ ವ್ಯಾಧಿ ಇದ್ದವರಲ್ಲಿ ಸುಮಾರು ಐವರಲ್ಲೊಬ್ಬಳಿಗೆ ಬರುತ್ತದೆ.

ಆದುದರಿಂದ ಪ್ರಶ್ನೆಯನ್ನು ಕೇಳಬೇಕಾದುದು ಬಸುರಿಗೆ ಮೊದಲು, ಸಾಧ್ಯವಾದರೆ ಮದುವೆಯ ಮಾತು ನಡೆಯುತ್ತಿರುವಾಗಲೇ. ಆಗಲಾದರೆ ಔಷಧವನ್ನು ಕ್ರಮವಾಗಿ ಬದಲಾಯಿಸಲು, ಫೋಲಿಕ್ ಆಮ್ಲ ಆರಂಭಿಸಲು ವೈದ್ಯರಿಗೆ ಅವಕಾಶವಿರುತ್ತದೆ. (ಫೋಲಿಕ್ ಆಮ್ಲ ನುಂಗಿದ ಮಾತ್ರಕ್ಕೆ ವಾಲ್ಪ್ರೊಯೇಟಿನ ದೋಷ ಕಳೆಯುವುದಿಲ್ಲವೆಂಬುದೂ ನೆನಪಿರಲಿ.) ಇನ್ನೊಂದು ಸೂಕ್ಷ್ಮವಿದೆ. ರಿಸ್ಪೆರಿಡೋನಿನಂತಹ ಕೆಲವು ಮಾತ್ರೆಗಳಿಂದ ಮುಟ್ಟು ನಿಂತುಹೋಗುವುದುಂಟು. ಇನ್ನು ಮಕ್ಕಳಾಗಲಾರವೆಂದು ಮನೆಯವರು ನಿಶ್ಚಿಂತರಾಗುತ್ತಾರೆ. ಆ ಮಾತ್ರೆಯನ್ನು ಬದಲಿಸಿದೊಡನೆ ಯಾರೂ ಎಣಿಸದಿದ್ದ ಗರ್ಭ ನಿಲ್ಲುತ್ತದೆ. ಇದನ್ನು ಬಾಯಿಬಿಟ್ಟು ಹೇಳುವ ವೈದ್ಯರು ವಿರಳ. ಮೂರು ನಿಮಿಷದಲ್ಲಿ ಚೀಟಿ ಬರೆದು ಮುಂದಿನ ರೋಗಿಯನ್ನು ಕರೆಯುವ ದವಾಖಾನೆಯಲ್ಲಿ, ಮಗುವಿನ ಯೋಚನೆ ಇದೆಯೇ ಎಂದು ಕೇಳುವ ವ್ಯವಧಾನ ಯಾರಿಗಿದೆ? ಅವರು ಕೇಳದಿದ್ದರೆ ನಾವೇ ಹೇಳಬೇಕು.

ಇಂತಹ ತಾಯಂದಿರಿಗೆಂದೇ ವಿಶೇಷ ವ್ಯವಸ್ಥೆ ನಮ್ಮ ನಾಡಿನಲ್ಲಿಯೇ ಇದೆ ಎಂಬುದು ಅಭಿಮಾನದ ಸಂಗತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಆರಂಭವಾದ ತಾಯಿ-ಮಗು ವಿಭಾಗದಲ್ಲಿ ಅಸ್ವಸ್ಥ ಬಾಣಂತಿಯನ್ನು ಕೂಸಿನೊಡನೆಯೇ ಇಟ್ಟುಕೊಂಡು ಚಿಕಿತ್ಸೆ ಕೊಡುತ್ತಾರೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾನೂನು ಕೂಡ ವಿಧಿಸಿದೆ. ಇಲ್ಲಿಯ ನಮ್ಮವರು ಅಷ್ಟು ದೂರ ಹೋಗಬೇಕೆಂದಿಲ್ಲ. 1901ರಲ್ಲಿ ಸ್ಥಾಪಿತವಾದ ಥಾಣೆಯ ಮನೋರುಗ್ಣಾಲಯ ಹತ್ತಿರವೇ ಇದೆ. 2022ರ ಅಕ್ಟೋಬರಿನಲ್ಲಿ ಸರಕಾರ ಆರಂಭಿಸಿದ ಟೆಲಿ-ಮಾನಸ್ ದೂರವಾಣಿ, ಸಂಖ್ಯೆ 14416, ಉಚಿತವಾಗಿದ್ದು ಕನ್ನಡವೂ ಅದರ ಭಾಷೆಗಳಲ್ಲಿ ಒಂದು. ಹೋಟೆಲಿನಲ್ಲಿ ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿದವನೂ ಅಲ್ಲಿಗೆ ಕರೆ ಮಾಡಿ ಮಡದಿಯ ಪರವಾಗಿ ವಿಚಾರಿಸಬಹುದು.

ಕಳವಾ, ಕಲ್ಯಾಣ್, ವಾಶಿಗಳ ನಗರಪಾಲಿಕೆ ಆಸ್ಪತ್ರೆಗಳಲ್ಲಿ ಗರ್ಭಿಣಿಯ ಹೆಸರು ನೋಂದಾಯಿಸುವಾಗ ಮನಸ್ಸಿಗಾಗಿ, ನಿದ್ರೆಗಾಗಿ, ಮೂರ್ಛೆಗಾಗಿ ಯಾವ ಮಾತ್ರೆ ಸೇವಿಸುತ್ತೀರಿ ಎಂದು ಬೇರೆಯವರಿಗೆ ಕೇಳಿಸದಂತೆ ವಿಚಾರಿಸಿ ಬರೆದುಕೊಳ್ಳುವುದನ್ನು ಕಡ್ಡಾಯಗೊಳಿಸಬೇಕು. ಅದಕ್ಕೆ ಕಾಸಿನ ಖರ್ಚೂ ಇಲ್ಲ. ಊರಿಗೆ ಹೊರಡುವವಳ ಕೈಯಲ್ಲಿ ಔಷಧದ ಹೆಸರು, ಪ್ರಮಾಣ, ಇಲ್ಲಿಯ ವೈದ್ಯರ ದೂರವಾಣಿ ಬರೆದ ಕಾಗದವನ್ನು ಗಂಡನಾದವನೇ ಇಡಬೇಕು. ಉಡುಪಿಯ ಪ್ರಸೂತಿ ವೈದ್ಯರು ಕತ್ತಲಲ್ಲಿ ತಡಕಾಡುವಂತಾಗಬಾರದು.

ನಮ್ಮ ಸಂಘಗಳು ವರ್ಷವರ್ಷವೂ ಕಣ್ಣಿನ ತಪಾಸಣೆ, ಸಕ್ಕರೆ ಕಾಯಿಲೆಯ ಶಿಬಿರಗಳನ್ನು ಶ್ರದ್ಧೆಯಿಂದ ನಡೆಸುತ್ತಿವೆ. ಈ ಸಲದ ಅರಶಿನ ಕುಂಕುಮ ಕಾರ್ಯಕ್ರಮದ ದಿನ ಮಹಿಳಾ ವಿಭಾಗದವರು ಒಬ್ಬ ಮನೋವೈದ್ಯೆಯನ್ನೂ ಒಬ್ಬ ಪ್ರಸೂತಿ ವೈದ್ಯೆಯನ್ನೂ ಒಂದು ಗಂಟೆಯ ಮಟ್ಟಿಗೆ ಒಟ್ಟಿಗೆ ಕರೆಯಿಸಲಿ. ಬಾಗಿಲ ಬಳಿ ಒಂದು ಡಬ್ಬಿ ಇಟ್ಟು, ಹೆಸರು ಬರೆಯದೆ ಪ್ರಶ್ನೆಗಳನ್ನು ಹಾಕಲು ಹೇಳಲಿ. ಎಷ್ಟು ಚೀಟಿಗಳು ಬೀಳುತ್ತವೆಂಬುದನ್ನು ನೋಡಿದ ಮೇಲೆ, ಮರುವರ್ಷ ಅದೇ ಕಾರ್ಯಕ್ರಮಕ್ಕೆ ಗಂಡಸರನ್ನೂ ಕರೆಯಬೇಕೋ ಬೇಡವೋ ಎಂಬುದನ್ನು ಪದಾಧಿಕಾರಿಗಳೇ ನಿರ್ಧರಿಸಬಹುದು.