ದಾನಿಗಳ ಬಾಗಿಲು ಮತ್ತು ನಮ್ಮ ಲೆಕ್ಕದ ಪುಸ್ತಕ

ಒಂದು ಕಾಲದಲ್ಲಿ ಊರಿನ ಶ್ರೀಮಂತರು ಮಸೀದಿಗೋ ಮಠಕ್ಕೋ ಛತ್ರಕ್ಕೋ ಜಮೀನು ಬರೆದುಕೊಡುತ್ತಿದ್ದರು. ಕಳೆದ ಎರಡು ಮೂರು ದಶಕಗಳಲ್ಲಿ ಕರ್ನಾಟಕದಲ್ಲಿ ದಾನದ ಸ್ವರೂಪವೇ ಬದಲಾಗಿದೆ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಸೃಷ್ಟಿಸಿದ ಸಂಪತ್ತಿನ ಒಂದು ಪಾಲು ಖಾಸಗಿ ಪ್ರತಿಷ್ಠಾನಗಳ ಮೂಲಕ ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನವಾಗಿ ಹರಿಯುತ್ತಿದೆ. 1996ರಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಆರಂಭವಾಯಿತು. 2005ರಲ್ಲಿ ರೋಹಿಣಿ ನಿಲೇಕಣಿಯವರು ನೀರಿನ ಕೆಲಸಕ್ಕೆಂದು ಅರ್ಘ್ಯಂ ಸಂಸ್ಥೆಗೆ ನೂರು ಕೋಟಿ ರೂಪಾಯಿ ನೀಡಿದರು. 2019ರ ಮಾರ್ಚ್‌ನಲ್ಲಿ ಅಜೀಂ ಪ್ರೇಮ್‌ಜಿಯವರು ತಮ್ಮ ವಿಪ್ರೋ ಷೇರುಗಳ ಇನ್ನೊಂದು ದೊಡ್ಡ ಭಾಗವನ್ನು ಮೀಸಲಿಟ್ಟಾಗ ಅವರ ಪ್ರತಿಷ್ಠಾನಕ್ಕೆ ಮುಡಿಪಾದ ಮೊತ್ತ ಸುಮಾರು 1.45 ಲಕ್ಷ ಕೋಟಿ ರೂಪಾಯಿಗೇರಿತು.

ಪ್ರೇಮ್‌ಜಿ ಎಂಬ ಹೆಸರು ಕಂಡೊಡನೆ ಇದು ನಮ್ಮವರ ಹಣ, ನಮಗೆ ಮೊದಲು ಸಲ್ಲಬೇಕು ಎಂದು ಭಾವಿಸುವವರು ನಮ್ಮಲ್ಲಿದ್ದಾರೆ. ಆ ಭಾವನೆ ತಪ್ಪು. ಅಲ್ಲಿ ಅರ್ಜಿದಾರನ ಧರ್ಮ ಕೇಳುವುದಿಲ್ಲ, ಕೇಳಬಾರದು. ಕೇಳುವುದು ಲೆಕ್ಕವನ್ನು. ನಮ್ಮ ಚಿಂತೆಯಿರುವುದೂ ಅಲ್ಲಿಯೇ.

ಕೋಲಾರ ಜಿಲ್ಲೆ ಬೆಂಗಳೂರಿನ ಮಗ್ಗುಲಲ್ಲಿದ್ದರೂ ಈ ಹಣದ ದಾರಿಯಿಂದ ಬಹುಕಾಲ ದೂರವೇ ಉಳಿಯಿತು. 2000ದ ದಶಕದ ಕೊನೆಯ ವರ್ಷಗಳಲ್ಲಿ ಅರ್ಘ್ಯಂ ಸಂಸ್ಥೆ ಮುಳಬಾಗಿಲನ್ನು ಆರಿಸಿಕೊಂಡು, ಅಲ್ಲಿನ ಪುರಸಭೆಯೊಂದಿಗೆ ಪಟ್ಟಣದ ನೀರು ಮತ್ತು ನೈರ್ಮಲ್ಯವನ್ನು ಒಟ್ಟಾಗಿ ನೋಡುವ ಯೋಜನೆಯನ್ನು ಕೈಗೊಂಡದ್ದು ಒಂದು ಅಪವಾದ. ಕೊಳವೆಬಾವಿಗಳನ್ನೇ ನಂಬಿದ್ದ ಊರಿಗೆ ಅದು ಸಣ್ಣ ವಿಷಯವಾಗಿರಲಿಲ್ಲ. ಆದರೆ ಪ್ರತಿಷ್ಠಾನವೊಂದು ಊರಿಗೆ ಬಂದಾಗ ಅದರ ಜೊತೆ ಕುಳಿತು ಮಾತಾಡುವ, ಅದು ಹೋದ ಮೇಲೆ ಕೆಲಸ ಮುಂದುವರಿಸುವ ಸ್ಥಳೀಯ ಸಂಸ್ಥೆಗಳು ಬೇಕಾಗುತ್ತವೆ. ನಮ್ಮ ಮೊಹಲ್ಲಾಗಳಲ್ಲಿ ಅಂಥವು ಎಷ್ಟಿವೆ?

2014ರ ಏಪ್ರಿಲ್‌ನಿಂದ ಇನ್ನೊಂದು ಬಾಗಿಲು ತೆರೆದಿದೆ. 2013ರ ಕಂಪೆನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ನ್ನು ಸಮಾಜಕಾರ್ಯಕ್ಕೆ ಖರ್ಚು ಮಾಡಬೇಕು. ತಾವು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಅದು ಕಡ್ಡಾಯವಲ್ಲ, ಸೂಚನೆ ಮಾತ್ರ ಎಂದು ಕೇಂದ್ರ ಸಚಿವಾಲಯ 2021ರಲ್ಲಿ ವಿವರಣೆ ನೀಡಿ ಆ ಮಾತಿನ ಹಲ್ಲು ಕಿತ್ತಿತೆನ್ನಿ. ನರಸಾಪುರದಲ್ಲಿ ಹೋಂಡಾ ಕಾರ್ಖಾನೆಯಿದೆ. ಐಫೋನ್ ಜೋಡಿಸುವ ಕಾರ್ಖಾನೆ 2023ರಲ್ಲಿ ವಿಸ್ಟ್ರಾನ್‌ನಿಂದ ಟಾಟಾ ಸಮೂಹದ ಕೈಗೆ ಬಂದಿದೆ. ಮಾಲೂರಿನಲ್ಲಿ, ವೇಮಗಲ್‌ನಲ್ಲಿ ಕೈಗಾರಿಕಾ ಪ್ರದೇಶಗಳಿವೆ. ನಮ್ಮ ಜಿಲ್ಲೆಯ ಭೂಮಿಯನ್ನೂ ನೀರನ್ನೂ ಬಳಸುವ ಈ ಉದ್ದಿಮೆಗಳನ್ನು ಹಕ್ಕಿನಿಂದ ಕೇಳಬಹುದು. ಕೇಳುವವರಾದರೂ ಬೇಕಲ್ಲ!

ಅತ್ತ ಹಳೆಯ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಅಲ್ಪಸಂಖ್ಯಾತರ ಶಿಕ್ಷಣ ಸಂಸ್ಥೆಗಳಿಗೆ ಅನುದಾನ ನೀಡಲೆಂದೇ 1989ರಲ್ಲಿ ಸ್ಥಾಪನೆಯಾದ ಮೌಲಾನಾ ಆಝಾದ್ ಶಿಕ್ಷಣ ಪ್ರತಿಷ್ಠಾನವನ್ನು ಮುಚ್ಚಲು ಕೇಂದ್ರ ಸರಕಾರ 2024ರ ಫೆಬ್ರವರಿಯಲ್ಲಿ ಆದೇಶಿಸಿತು. ಒಂದರಿಂದ ಎಂಟನೇ ತರಗತಿಯವರೆಗಿನ ಅಲ್ಪಸಂಖ್ಯಾತ ಮಕ್ಕಳ ಕೇಂದ್ರ ವಿದ್ಯಾರ್ಥಿವೇತನ 2022-23ರಿಂದ ನಿಂತಿದೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಿಂದ ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ದೊಡ್ಡ ಸಂಸ್ಥೆಗಳ ನೆರಳಿನಲ್ಲಿ ಬದುಕುತ್ತಿದ್ದ ತಾಲೂಕು ಮಟ್ಟದ ಪುಟ್ಟ ಸಂಘಗಳ ಉಸಿರು ಅಲ್ಲಿಗೆ ಕಟ್ಟಿತು. ಸರಕಾರಗಳು ತಮ್ಮ ಹೊಣೆಯಿಂದ ಜಾರಿಕೊಂಡಷ್ಟೂ ಖಾಸಗಿ ದಾನಿಗಳ ಮುಂದಿನ ಸಾಲು ಉದ್ದವಾಗುತ್ತದೆ. 2024ರಲ್ಲಿ ಕರ್ನಾಟಕದ ಸರಕಾರಿ ಶಾಲೆಗಳ ಮಕ್ಕಳಿಗೆ ವಾರದ ಆರೂ ದಿನ ಮೊಟ್ಟೆ ಕೊಡಲು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ ನೀಡಲು ಮುಂದಾದುದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಮಗುವಿನ ತಟ್ಟೆಗೆ ಮೊಟ್ಟೆ ಹಾಕುವುದು ಯಾರ ಕರ್ತವ್ಯವೆಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಈಗ ನಮ್ಮ ಮನೆಯ ಮಾತು. ಕಂಪೆನಿಗಳ ಸಾಮಾಜಿಕ ನಿಧಿ ಪಡೆಯಲು ಟ್ರಸ್ಟ್ ಅಥವಾ ಸೊಸೈಟಿ ನೋಂದಣಿಯಾಗಿರಬೇಕು, ಆದಾಯ ತೆರಿಗೆ ಕಾಯ್ದೆಯ 12ಎ ಮತ್ತು 80ಜಿ ನೋಂದಣಿ ಇರಬೇಕು, ಇಂತಹದೇ ಕೆಲಸವನ್ನು ಮೂರು ವರ್ಷ ಮಾಡಿದ ದಾಖಲೆ ಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅರ್ಜಿ ಸಲ್ಲಿಸಿ ಸಂಖ್ಯೆ ಪಡೆದಿರಬೇಕು. ಇದರಲ್ಲಿ ಅಸಾಧ್ಯವಾದುದೇನೂ ಇಲ್ಲ. ಆದರೆ ನಮ್ಮ ಎಷ್ಟೋ ಅಂಜುಮನ್‌ಗಳಲ್ಲಿ, ಬೈತುಲ್‌ಮಾಲ್‌ಗಳಲ್ಲಿ ಲೆಕ್ಕವೆಂದರೆ ಖಜಾಂಚಿಯ ಜೇಬಿನ ಡೈರಿ. ವಾರ್ಷಿಕ ಮಹಾಸಭೆ ಇಫ್ತಾರ್ ಕೂಟದ ನಡುವೆಯೇ ಮುಗಿದುಹೋಗುತ್ತದೆ. ಅಧ್ಯಕ್ಷರು ಸತ್ತಾಗ ಮಾತ್ರ ಬದಲಾಗುತ್ತಾರೆ. ಲೆಕ್ಕ ಕೇಳಿದ ಯುವಕನಿಗೆ ಹಿರಿಯರ ಮೇಲೆ ಅನುಮಾನ ಪಡುವವನೆಂಬ ಬಿರುದು ಸಿಗುತ್ತದೆ. ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡಬೇಕೆಂಬ ವಿಸ್ತಾರವಾದ ಆದೇಶವನ್ನು ಅಲ್ ಬಕರ ಅಧ್ಯಾಯದಲ್ಲಿ ಓದುವ ಸಮುದಾಯ ನಮ್ಮದು. ಸಾರ್ವಜನಿಕರ ಅಮಾನತ್ತಿಗೆ ರಶೀದಿ ಬೇಡವೆನ್ನಲು ನಮಗೆ ಯಾವ ಆಧಾರವಿದೆ? ಝಕಾತ್‌ನ ಹಣವನ್ನೂ ಪ್ರತಿಷ್ಠಾನದ ಅನುದಾನವನ್ನೂ ಒಂದೇ ಖಾತೆಯಲ್ಲಿಟ್ಟು ಅಲ್ಲಿಂದಲೇ ಮಸೀದಿಯ ಸುಣ್ಣಬಣ್ಣಕ್ಕೂ ತೆಗೆಯುವುದು ಶರೀಅತ್ತಿನ ದೃಷ್ಟಿಯಿಂದಲೂ ಕಾನೂನಿನ ದೃಷ್ಟಿಯಿಂದಲೂ ಸಲ್ಲದು.

ಪ್ರತಿಷ್ಠಾನಗಳೂ ದೋಷಮುಕ್ತವಲ್ಲ. ಅರ್ಜಿ ಇಂಗ್ಲಿಷಿನಲ್ಲಿರಬೇಕು. ಯೋಜನೆ ಹೆಚ್ಚಾಗಿ ಒಂದು ವರ್ಷದ್ದು. ಲೆಕ್ಕ ಬರೆಯುವವರ ಸಂಬಳಕ್ಕೆ ದುಡ್ಡು ಕೊಡಲು ಹಿಂಜರಿಯುವವರೇ ಲೆಕ್ಕ ಮಾತ್ರ ಚೊಕ್ಕವಾಗಿರಬೇಕೆನ್ನುತ್ತಾರೆ. ಬೆಂಗಳೂರಿನ ಸಭಾಂಗಣಗಳಲ್ಲಿ ಚೆನ್ನಾಗಿ ಮಾತಾಡಬಲ್ಲ ಸಂಸ್ಥೆಗೆ ಸಿಗುವ ಕಿವಿ, ಶ್ರೀನಿವಾಸಪುರದಲ್ಲಿ ಹೊಲಿಗೆ ಕಲಿಸುವ ಹೆಂಗಸರ ಸಂಘಕ್ಕೆ ಸಿಗುವುದಿಲ್ಲ. ಕನ್ನಡದಲ್ಲಿ, ಉರ್ದುವಿನಲ್ಲಿ ಬಂದ ಅರ್ಜಿಯನ್ನೂ ಓದುವ ಒಬ್ಬ ಅಧಿಕಾರಿಯನ್ನು ನೇಮಿಸಿಕೊಳ್ಳುವುದು ಸಾವಿರಾರು ಕೋಟಿಯ ಒಡೆಯರಿಗೆ ಭಾರವಾಗಲಾರದು.

ಸಂಸ್ಥೆಗಳ ಮಧ್ಯಸ್ಥಿಕೆಯಿಲ್ಲದೆ ನೇರವಾಗಿ ಸಿಗುವ ನೆರವನ್ನೂ ನಾವು ಕೈಬಿಡುತ್ತಿದ್ದೇವೆ. ಹತ್ತನೇ ತರಗತಿಯನ್ನೂ ಪಿಯುಸಿಯನ್ನೂ ಸರಕಾರಿ ಶಾಲೆ-ಕಾಲೇಜಿನಲ್ಲಿ ಮುಗಿಸಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಕರ್ನಾಟಕದಲ್ಲಿ 2025ರಿಂದ ಇದು ‘ದೀಪಿಕಾ’ ಎಂಬ ಹೆಸರಿನಲ್ಲಿ ರಾಜ್ಯ ಸರಕಾರದ ಜೊತೆಗೂಡಿ ನಡೆಯುತ್ತಿದೆ. ಪಿಯುಸಿ ಆದೊಡನೆ ಮಗಳ ಓದಿಗೆ ಪೂರ್ಣವಿರಾಮ ಹಾಕುವ ತಂದೆಗೆ ಬಸ್ಸಿನ ಖರ್ಚು, ಫೀಸು ಎಂಬ ನೆಪ ಇನ್ನಿಲ್ಲ. ಅತ್ತ, ಸಾಲ ಮಾಡಿ ಹೆಣ್ಣುಮಗುವನ್ನು ಬೋರ್ಡಿನಲ್ಲಿ ಮಾತ್ರ ಇಂಗ್ಲಿಷ್ ಇರುವ ಖಾಸಗಿ ಕಾನ್ವೆಂಟಿಗೆ ಕಳುಹಿಸಿದ ಕುಟುಂಬ ಈ ಸೌಲಭ್ಯದಿಂದ ಹೊರಗುಳಿಯುತ್ತದೆಂಬುದನ್ನು ಹೆತ್ತವರು ಎಂಟನೇ ತರಗತಿಯ ಹೊತ್ತಿಗೇ ತಿಳಿದಿರಬೇಕು.

ನಾಲ್ಕು ತಾಲೂಕುಗಳ ಹಿರಿಯರಲ್ಲಿ ನಮ್ಮದೊಂದು ಕೋರಿಕೆ. ಪ್ರತಿ ಮೊಹಲ್ಲಾಕ್ಕೂ ಹೊಸ ಟ್ರಸ್ಟ್ ಬೇಡ. ಮೂರು ವರ್ಷಗಳ ದಾಖಲೆಯುಳ್ಳ, ಲೆಕ್ಕಪರಿಶೋಧನೆ ಮಾಡಿಸಿಕೊಂಡ ಸಂಸ್ಥೆ ಕೋಲಾರದಲ್ಲೋ ಮುಳಬಾಗಿಲಿನಲ್ಲೋ ಇದ್ದರೆ ಮಾಲೂರು, ಶ್ರೀನಿವಾಸಪುರಗಳ ಸಂಘಗಳು ಅದರ ಶಾಖೆಗಳಾಗಿ ಕೆಲಸ ಆರಂಭಿಸಲಿ. ಆಡಳಿತ ಮಂಡಳಿಯಲ್ಲಿ ಕನಿಷ್ಠ ಇಬ್ಬರು ಮಹಿಳೆಯರೂ ಒಬ್ಬ ವಾಣಿಜ್ಯ ಪದವೀಧರನೂ ಇರಲಿ. ಮಾರ್ಚ್ 31ಕ್ಕೆ ಮುಗಿಯುವ ವರ್ಷದ ಆಯವ್ಯಯವನ್ನು ಅಚ್ಚು ಹಾಕಿಸಿ ಜುಮಾ ನಮಾಝಿನ ನಂತರ ಮಸೀದಿಯ ಬಾಗಿಲಿಗೆ ಅಂಟಿಸಲಿ.