ಉತ್ತರಿಸದವರನ್ನೂ ಎಣಿಸಿರಿ

ಹಿಂದುಳಿದ ವರ್ಗಗಳ ಆಯೋಗವು 2025ರ ಸೆಪ್ಟೆಂಬರ್ 22ರಂದು ಆರಂಭಿಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ 60 ಪ್ರಶ್ನೆಗಳಿದ್ದವು. ಉಪಾಧ್ಯಾಯರು ಮನೆಮನೆಗೆ ಹೋಗಿ ಮೊಬೈಲಿನ ಆ್ಯಪಿನಲ್ಲಿ ಉತ್ತರ ತುಂಬಿಕೊಂಡರು. ಬೇಕಾದವರು ತಾವೇ ಅಂತರ್ಜಾಲದಲ್ಲಿ ವಿವರ ಕೊಡಬಹುದೆಂದೂ ಸಾರಲಾಯಿತು. 2027ರ ಜನಗಣತಿಗೂ ಕೇಂದ್ರ ಸರ್ಕಾರ ಇಂಥದೇ ಸ್ವಯಂಗಣತಿಯ ಅವಕಾಶವನ್ನು ಸೇರಿಸಿದೆ. ಈ ಏರ್ಪಾಡನ್ನು ನಾವು ವಿರೋಧಿಸುವವರಲ್ಲ. ಅದು ಯಾರನ್ನು ಮುಟ್ಟುತ್ತದೆ, ಯಾರನ್ನು ಬಿಟ್ಟು ಹೋಗುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಸಿರುಗುಪ್ಪದ ಅಕ್ಕಿಗಿರಣಿಯ ಹಮಾಲನ ಕೈಯಲ್ಲಿ ಫೋನಿದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ತಾಯಿಯ ಕೈಯಲ್ಲೂ ಇದೆ. ಹಾಡು ಕೇಳುತ್ತಾರೆ, ಊರಿಗೆ ಹಣ ಕಳಿಸುತ್ತಾರೆ. ಪ್ರಶ್ನಾವಳಿ ಬಂದೊಡನೆ ಮಾತ್ರ ಕೈ ಹಿಂಜರಿಯುತ್ತದೆ. ಇದನ್ನು ಅಜ್ಞಾನವೆನ್ನುವ ಮಹನೀಯರಿಗೆ 2025ರ ಜುಲೈ ತಿಂಗಳನ್ನು ನೆನಪಿಸುತ್ತೇವೆ. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಿತು. ತರಕಾರಿ ಮಾರುವವರನ್ನೂ ಬಿಡಲಿಲ್ಲ. ಬೆಂಗಳೂರಿನ ಅಂಗಡಿಗಳ ಮುಂದೆ 'ನಗದು ಮಾತ್ರ' ಎಂಬ ಫಲಕಗಳು ತೂಗಿದವು. ಮುಷ್ಕರದ ಮಾತೆದ್ದ ಮೇಲಷ್ಟೆ ಸರ್ಕಾರ ಮೆತ್ತಗಾಯಿತು. ಇದನ್ನೆಲ್ಲ ಕಂಡ ಕುರುಗೋಡಿನ ಕಿರಾಣಿ ಅಂಗಡಿಯವನು ಫೋನಿನಲ್ಲಿ ಆದಾಯ ತಿಳಿಸಲು ಅಂಜಿದರೆ ಅದು ವಿವೇಕವೇ ಸರಿ. ಓಟಿಪಿಯನ್ನು ಯಾರಿಗೂ ಹೇಳಬೇಡಿರೆಂದು ಬ್ಯಾಂಕುಗಳು ಸಾರುತ್ತವೆ. ಸಮೀಕ್ಷೆಯವರು ಬಂದು ಕೇಳಿದ್ದೂ ಅದನ್ನೇ!

ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ 1936ರಲ್ಲಿ ಟೆಲಿಫೋನು, ಮೋಟಾರು ಉಳ್ಳವರ ಪಟ್ಟಿಗಳನ್ನು ಹಿಡಿದು ಸುಮಾರು 1 ಕೋಟಿ ಮತಕಾರ್ಡು ಹಂಚಿತು. 20 ಲಕ್ಷಕ್ಕೂ ಮಿಕ್ಕಿ ಉತ್ತರ ಬಂದವು. ಲ್ಯಾಂಡನ್ ಗೆಲ್ಲುವನೆಂದು ಸಾರಿತು, ಗೆದ್ದವನು ರೂಸ್‌ವೆಲ್ಟ್. ಪಟ್ಟಿಯಲ್ಲಿ ಬಡವರು ವಿರಳ, ಸುಮ್ಮನುಳಿದವರ ಗೊಡವೆಗೆ ಯಾರೂ ಹೋಗಲಿಲ್ಲ.

ಆದುದರಿಂದ ಮುಂದೆ ಯಾವ ಸಮೀಕ್ಷೆ ಬಂದರೂ ಪ್ರಶ್ನೆಗಳು ಕಡಿಮೆಯಾಗಲಿ. ಏಕೆ ಕೇಳುತ್ತಿದ್ದೇವೆ, ಯಾವ ಇಲಾಖೆಗೆ ಕೊಡುವುದಿಲ್ಲ ಎಂಬುದು ಮೊದಲಿಗೇ ಆಡುಮಾತಿನಲ್ಲಿರಲಿ. ಓದಲಾರದವರಿಗೆ ಧ್ವನಿಯಲ್ಲಿ, ನಮ್ಮ ಗಡಿಯ ಕಡೆ ತೆಲುಗು, ಉರ್ದುವಿನಲ್ಲೂ ಕೇಳಿಸಲಿ. ಅರ್ಧಕ್ಕೆ ಬಿಟ್ಟು ಪಾಳಿ ಮುಗಿದ ಮೇಲೆ ಮುಂದುವರಿಸುವಂತಿರಲಿ. ಮನೆಗೊಂದೇ ಫೋನು, ಅದೂ ಗಂಡಸಿನ ಕಿಸೆಯಲ್ಲಿದ್ದರೆ ಹೆಂಗಸಿನ ಉತ್ತರ ಬರೆಯುವವರು ಯಾರು? ಆ ಸಮೀಕ್ಷೆಯಲ್ಲಿ ಭಾಗವಹಿಸುವುದು ಕಡ್ಡಾಯವಲ್ಲವೆಂದು ಉಚ್ಚ ನ್ಯಾಯಾಲಯ 2025ರ ಸೆಪ್ಟೆಂಬರ್ 25ರಂದು ಹೇಳಿತು. ಹಾಗಿದ್ದಮೇಲೆ 'ಹೇಳಲು ಇಷ್ಟವಿಲ್ಲ' ಎಂಬುದಕ್ಕೂ ಪ್ರತಿ ಪ್ರಶ್ನೆಯಡಿ ಜಾಗವಿರತಕ್ಕದ್ದು.

ಫೋನಿನಲ್ಲಿ ಉತ್ತರ ಬಾರದ ಮನೆಗೆ ಕಾಗದದ ನಮೂನೆ ಹಿಡಿದು ಓಣಿಯ ಗುರುತಿನವರು ಹೋಗಲಿ. ಅದಕ್ಕೆ ಉಪಾಧ್ಯಾಯರೇ ಬೇಕೆಂದರೆ ಪಾಠದ ದಿನಗಳನ್ನು ಕಸಿಯಬಾರದು. 2025ರಲ್ಲಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದದ್ದು ಸಾಕು. ಫಲಿತಾಂಶದ ಜೊತೆಗೆ, ಉತ್ತರಿಸದೆ ಉಳಿದ ಮನೆಗಳೆಷ್ಟೆಂಬ ಲೆಕ್ಕವನ್ನೂ ತಾಲ್ಲೂಕುವಾರು ಪ್ರಕಟಿಸಬೇಕೆಂದು ನಾವು ಒತ್ತಾಯಿಸುತ್ತೇವೆ.