ಬೆಂಕಿ ಆರಿಸೋ ಗಾಡಿಗೆ ಕೇರಿಯ ದಾರಿ ಗೊತ್ತಿದೆಯೇ?



ಬೇಸಿಗೆ ಬಂತೆಂದರೆ ಸರ್ಕಾರದವರಿಗೆ ನಮ್ಮ ಒಲೆಗಳ ನೆನಪಾಗುತ್ತದೆ. ಒಲೆ ಆರಿಸಿ ಮಲಗಿ, ಬೀಡಿ ತುಂಡು ಹೊಸಕಿ ಬಿಸಾಕಿ, ಮಕ್ಕಳ ಕೈಗೆ ಬೆಂಕಿಪೊಟ್ಟಣ ಕೊಡಬೇಡಿ ಅಂತ ಕರಪತ್ರ ಹಂಚ್ತಾರೆ. ಒಳ್ಳೆ ಮಾತೇ. ನಮ್ಮವ್ವಂದಿರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಕೆಂಡಕ್ಕೆ ಬೂದಿ ಮುಚ್ಚಿ, ಒಲೆ ಮುಂದಿನ ಸೌದೆ ದೂರ ಸರಿಸಿ ಮಲಗೋ ವಿದ್ಯೆಯನ್ನು ಅವರಿಗೆ ಯಾವ ಇಲಾಖೆಯೂ ಕಲಿಸಿಕೊಡಲಿಲ್ಲ. ನಾವು ಕೇಳೋದು ಬೇರೆ. ಅಷ್ಟು ಹುಷಾರಾಗಿದ್ದೂ ಒಂದು ಕಿಡಿ ಹಾರಿತು, ಸೋಗೆ ಹತ್ತಿಕೊಂಡಿತು. ಆಮೇಲೆ? ಯಾರು ಬರ್ತಾರೆ, ಎಷ್ಟೊತ್ತಿಗೆ ಬರ್ತಾರೆ, ಯಾವ ದಾರೀಲಿ ಬರ್ತಾರೆ, ಯಾವ ನೀರು ಹೊಯ್ತಾರೆ? ಕರಪತ್ರದಲ್ಲಿ ಇದಕ್ಕೆ ಜಾಗವಿಲ್ಲ.

ಈ ರಾಜ್ಯಕ್ಕೆ ಅಗ್ನಿಶಾಮಕ ದಳದ ಕಾಯ್ದೆ ಬಂದದ್ದು ೧೯೬೪ರಲ್ಲಿ. ಊರಿಗೊಂದು ನ್ಯಾಯ ಕೇರಿಗೊಂದು ನ್ಯಾಯ ಅಂತ ಆ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಕೇಂದ್ರದ ಸ್ಥಾಯಿ ಅಗ್ನಿಶಾಮಕ ಸಲಹಾ ಮಂಡಳಿ ಹಳ್ಳಿಗೆ ೨೦ ನಿಮಿಷದಲ್ಲಿ ಗಾಡಿ ಮುಟ್ಟಬೇಕು ಅಂತ ಲೆಕ್ಕ ಹಾಕಿಕೊಟ್ಟಿದೆ. ಠಾಣೆ ಇರೋದು ಹೆಚ್ಚಾಗಿ ತಾಲ್ಲೂಕು ಕೇಂದ್ರದಲ್ಲಿ. ತಾಲ್ಲೂಕಿನ ಗಡಿಯಲ್ಲಿರೋ ಹಳ್ಳಿಗೆ ಮೂವತ್ತು ನಲವತ್ತು ಕಿಲೋಮೀಟರ್ ದಾರಿ. ಆ ಮಣ್ಣು ರಸ್ತೇಲಿ ೨೦ ನಿಮಿಷಕ್ಕೆ ಯಾವ ಗಾಡಿ ಬಂದೀತು? ಒಣಗಿದ ಸೋಗೆ ಉರಿಯೋದಕ್ಕೆ ೨೦ ನಿಮಿಷ ಬೇಕಾಗಿಲ್ಲ, ಒಂದು ಬೀಡಿ ಸೇದಿ ಮುಗಿಸೋ ಹೊತ್ತು ಸಾಕು. ಗಾಡಿ ಬರೋದು ಬೂದಿಗೆ ನೀರು ಹೊಯ್ಯಲಿಕ್ಕೆ.

ಅದೂ ಊರ ಬಾಗಿಲವರೆಗೆ. ಟಾರು ರಸ್ತೆ ಊರ ದೇವಸ್ಥಾನದ ಮುಂದೆ ನಿಂತುಬಿಡ್ತದೆ. ಅಲ್ಲಿಂದಾಚೆಗೆ ಚರಂಡಿ, ಬಣವೆ, ಎರಡು ಎತ್ತು ಜೊತೆಯಾಗಿ ನಡೆಯಲಾಗದ ಓಣಿ. ಇನ್ನು ಹೆಸರಿನ ಕತೆ ಕೇಳಿ. ದಾಖಲೆಯಲ್ಲಿ ನಮ್ಮ ಕೇರಿಗಳೆಲ್ಲಾ ಅಂಬೇಡ್ಕರ್ ಕಾಲೋನಿ, ಇಲ್ಲವೇ ಜನತಾ ಕಾಲೋನಿ. ಒಂದು ಹೋಬಳಿಗೆ ಇಂಥವು ಎಷ್ಟೋ. ಉರಿಯೋ ಮನೆ ಮುಂದೆ ನಿಂತು ‘ಅಂಬೇಡ್ಕರ್ ಕಾಲೋನಿ ಸಾರ್’ ಅಂತ ಕೂಗಿದರೆ ಆ ಕಡೆಯವನು ಯಾವುದಕ್ಕೆ ಅಂತ ಗಾಡಿ ಕಳಿಸ್ತಾನೆ?

ಗಾಡಿ ಬಂತೇ ಅನ್ನಿ. ಅದರ ತೊಟ್ಟಿ ಹಿಡಿಯೋದು ಸಾಮಾನ್ಯವಾಗಿ ನಾಲ್ಕೈದು ಸಾವಿರ ಲೀಟರ್. ಪೂರಾ ಬಿಟ್ಟರೆ ಕೆಲವೇ ನಿಮಿಷದ ನೀರು. ಮುಗಿದ ಮೇಲೆ ಎಲ್ಲಿ ತುಂಬಿಸಬೇಕು? ಕೆರೆ ಊರ ಆ ಕಡೆ, ಬಾವಿ ಗೌಡರ ತೋಟದೊಳಗೆ, ಕೇರಿಯಲ್ಲಿ ಎರಡು ದಿನಕ್ಕೊಮ್ಮೆ ಬರೋ ನಲ್ಲಿ. ಮನೆ ಹತ್ತಿ ಉರಿಯುವಾಗ ಬಾವಿ ತೋಡಿದ ಹಾಗೆ ಅಂತ ಊರಿನವರು ಗಾದೆ ಹೇಳ್ತಾರೆ. ಸ್ವಾಮಿ, ನಿಮ್ಮ ಬಾವಿಗಳನ್ನೆಲ್ಲ ತೋಡಿದವರು ನಾವೇ. ತೋಡಿದ ಮೇಲೆ ಹಗ್ಗ ಮುಟ್ಟಬೇಡ ಅಂದವರು ನೀವು. ೧೯೨೭ರ ಮಾರ್ಚ್ ೨೦ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದರೆ, ಸೆಗಣಿ ಗಂಜಲ ಸುರಿದು ಕೆರೆಯನ್ನೇ ‘ಶುದ್ಧ’ ಮಾಡಿದಿರಿ. ನೀರಿನ ಹಕ್ಕು ಅಂದರೆ ಬಾಯಾರಿಕೆಯ ಹಕ್ಕು ಮಾತ್ರ ಅಂತ ನಾವು ಇಷ್ಟು ದಿನ ಮಾತಾಡಿಕೊಂಡು ಬಂದೆವು. ಮಾಡು ಹತ್ತಿ ಉರಿಯುವಾಗ ಹೊಯ್ಯೋದೂ ಅದೇ ನೀರು.

ಇದು ತಾನಾಗಿ ಬಿದ್ದ ಬೆಂಕಿಯ ಮಾತಾಯಿತು. ಹಚ್ಚಿದ ಬೆಂಕಿ?

೧೯೨೭ರ ಡಿಸೆಂಬರ್ ೨೫ರಂದು ಅದೇ ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಟ್ಟರು. ಸುಟ್ಟದ್ದು ಒಂದು ಪುಸ್ತಕ. ೧೯೬೮ರಲ್ಲಿ, ಅದೇ ಡಿಸೆಂಬರ್ ೨೫ರ ರಾತ್ರಿ, ತಂಜಾವೂರು ಜಿಲ್ಲೆಯ ಕೀಳ್ವೆಣ್ಮಣಿಯಲ್ಲಿ ಕೂಲಿ ಹೆಚ್ಚು ಕೇಳಿದ ತಪ್ಪಿಗೆ ಒಂದೇ ಗುಡಿಸಲಲ್ಲಿ ೪೪ ಜನರನ್ನು ಸುಟ್ಟರು. ಹೆಚ್ಚಿನವರು ಹೆಂಗಸರು, ಮಕ್ಕಳು. ನಮ್ಮ ನಾಡೇನು ಹಿಂದೆ ಬೀಳಲಿಲ್ಲ. ೨೦೦೦ದ ಮಾರ್ಚ್ ೧೧, ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ, ಏಳು ಜನ ದಲಿತರು ಜೀವಂತ ಬೂದಿಯಾದರು. ೨೦೦೬ರಲ್ಲಿ ಕೋರ್ಟು ಆರೋಪಿಗಳನ್ನು ಬಿಟ್ಟಿತು, ೨೦೧೪ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಆ ಏಳು ಜನ ತಾವೇ ಹೊತ್ತಿಕೊಂಡರೇ?

ಆದ್ದರಿಂದ ನಮ್ಮ ಕೇರಿಯ ಬೆಂಕಿಗೆ ‘ಕಾರಣ’ ಅಂತ ಏನು ಬರೆಯುತ್ತಾರೆ ಅನ್ನೋದು ಸಣ್ಣ ವಿಷಯವಲ್ಲ. ‘ಒಲೆಯ ಕಿಡಿ’ ಅಂತ ಬರೆಯೋದು ಬಹಳ ಸುಲಭ. ಹಾಗೆ ಬರೆದರೆ ಅದು ವಿಪತ್ತು. ಕೇಂದ್ರದ ವಿಪತ್ತು ಪರಿಹಾರದ ೨೦೨೨-೨೬ರ ದರಪಟ್ಟಿಯಲ್ಲಿ ಸುಟ್ಟ ಗುಡಿಸಲಿಗೆ ಕಟ್ಟಿದ ಬೆಲೆ ೮,೦೦೦ ರೂಪಾಯಿ. ಜಾತಿಯವರು ಹಚ್ಚಿದರು ಅಂತ ಬರೆದರೆ ಅದು ೧೯೮೯ರ ದೌರ್ಜನ್ಯ ತಡೆ ಕಾಯ್ದೆಗೆ ಬರ್ತದೆ. ಬೆಂಕಿ ಇಟ್ಟು ನಮ್ಮ ವಾಸದ ಮನೆ ನಾಶ ಮಾಡಿದವನಿಗೆ ಜೀವಾವಧಿಯವರೆಗೆ ಶಿಕ್ಷೆ, ೧೯೯೫ರ ನಿಯಮದ ಪ್ರಕಾರ ಸುಟ್ಟ ಮನೆಯನ್ನು ಸರ್ಕಾರದ ಖರ್ಚಿನಲ್ಲೇ ಕಟ್ಟಿಸಿಕೊಡಬೇಕು. ಬೇಕಂತಲೇ ಕರ್ತವ್ಯ ಮರೆತ ಅಧಿಕಾರಿಗೂ ಅದೇ ಕಾಯ್ದೆಯ ೪ನೇ ಕಲಮಿನಲ್ಲಿ ಶಿಕ್ಷೆಯಿದೆ. ಅಗ್ನಿಶಾಮಕ ಠಾಣೆಯ ವರದಿ, ಪೊಲೀಸರ ಎಫ್.ಐ.ಆರ್. ಎರಡನ್ನೂ ಕೇಳಿ ಪಡೆಯಿರಿ. ಓದಿಸಿ ಕೇಳಿ. ಬರೀ ಹೆಬ್ಬೆಟ್ಟು ಒತ್ತಿ ಬರಬೇಡಿ.

ಒಂದು ಮಾತು. ಬೆಂಕಿ ಆರಿಸೋಕೆ ಬರೋ ಹುಡುಗರ ಮೇಲೆ ನಮಗೆ ಸಿಟ್ಟಿಲ್ಲ. ಅವರೂ ಬಡವರ ಮಕ್ಕಳೇ, ಜೀವ ಪಣಕ್ಕಿಟ್ಟು ಉರಿಯೊಳಗೆ ನುಗ್ಗೋರು. ತಡವಾಯಿತು ಅಂತ ಗಾಡಿಗೆ ಕಲ್ಲು ಹೊಡೆಯೋ ಕೆಲಸ ಯಾರೂ ಮಾಡಬೇಡಿ. ನಮ್ಮ ಜಗಳ ಠಾಣೆ ಎಲ್ಲಿ ಕಟ್ಟಬೇಕು, ರಸ್ತೆ ಎಲ್ಲಿಗೆ ನಿಲ್ಲಬೇಕು ಅಂತ ತೀರ್ಮಾನಿಸಿದವರ ಜೊತೆ.

ನಮ್ಮ ಮನೆಯೊಳಗಿನದ್ದಕ್ಕೂ ಬರೋಣ, ಯಾಕೆಂದರೆ ೨೦ ನಿಮಿಷ ನಮ್ಮನ್ನು ನಾವೇ ಕಾಯಬೇಕು.

೨೦೧೬ರಿಂದ ಉಜ್ವಲ ಅಂತ ಸಿಲಿಂಡರ್ ಬಂತು. ತುಂಬಿಸೋ ದುಡ್ಡು ಬರಲಿಲ್ಲ. ಹಾಗಾಗಿ ಟೀಗೆ ಗ್ಯಾಸು, ಮುದ್ದೆಗೆ ಸೌದೆ, ಎರಡೂ ಒಂದೇ ಕೋಣೇಲಿ. ಇದು ಬಲು ಅಪಾಯ. ಆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಹೊಗೆಯಂತೆ ಮೇಲೆ ಹೋಗದೆ ನೆಲದ ಮೇಲೆ ಹರಡ್ತದೆ, ನೆಲದ ಮೇಲೇ ನಮ್ಮ ಒಲೆ. ಒಲೆಯನ್ನು ಹೊರಗೆ ಹಜಾರಕ್ಕೆ ಹಾಕಿ. ವಾಸನೆ ಬಂದರೆ ಸ್ವಿಚ್ಚು ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆಗೆದು, ಎಲ್ಲರೂ ಹೊರಗೆ ಬಂದು ೧೯೦೬ಕ್ಕೆ ಫೋನು ಮಾಡಿ. ರಬ್ಬರು ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಹೆಸರು ನೋಂದಾಯಿಸಿದ ಗ್ರಾಹಕರಿಗೆ ಅನಾಹುತದ ವಿಮೆ ಇದೆ, ನಾವು ಕಂತು ಕಟ್ಟಬೇಕಿಲ್ಲ, ಏಜೆನ್ಸಿಯವರು ಇದನ್ನು ಬಾಯಿಬಿಟ್ಟು ಹೇಳೋದೂ ಇಲ್ಲ. ಬರವಣಿಗೇಲಿ ದೂರು ಕೊಟ್ಟು ಕೇಳಿ.

ಕರೆಂಟಿನದೂ ಅಷ್ಟೇ. ಭಾಗ್ಯಜ್ಯೋತಿ ಅಂತ ಒಂದು ಬಲ್ಬಿಗೆ ಎಳೆದ ವಯರಿನಲ್ಲಿ ಈಗ ಟಿವಿ, ಮಿಕ್ಸಿ, ನಾಲ್ಕು ಮೊಬೈಲು ನೇತಾಡ್ತಿವೆ. ಬಿಸಿಯಾಗೋ ವಯರು ಸೋಗೆ ಪಕ್ಕದಲ್ಲೇ. ವಯರು ಬದಲಿಸಿ ಅಂತ ಲೈನ್‌ಮನ್‌ಗೆ ಹೇಳಿ ಸಾಕಾಗಿದ್ದರೆ ಕೇರಿಯವರೆಲ್ಲ ಸೇರಿ ಸೆಕ್ಷನ್ ಆಫೀಸಿಗೇ ಹೋಗಿ.

ಮೈಗೆ ಹತ್ತಿಕೊಂಡರೆ ಓಡಬೇಡಿ, ನೆಲಕ್ಕೆ ಬಿದ್ದು ಹೊರಳಿ. ಕಂಬಳಿ ಹೊದಿಸಿ, ಉಣ್ಣೆ ಬೇಗ ಉರಿಯೋದಿಲ್ಲ. ನೈಲಾನ್ ಸೀರೆ ಕರಗಿ ಚರ್ಮಕ್ಕೆ ಅಂಟಿಕೊಂಡಿದ್ದರೆ ಕೀಳಬೇಡಿ. ಸುಟ್ಟ ಜಾಗಕ್ಕೆ ೨೦ ನಿಮಿಷ ತಣ್ಣೀರು ಬಿಡಿ. ಇಂಕು, ಪೇಸ್ಟು, ಸೆಗಣಿ ಯಾವುದೂ ಬೇಡ. ಕಾದ ಎಣ್ಣೆ ಹೊತ್ತಿಕೊಂಡರೆ ನೀರು ಹೊಯ್ಯಬೇಡಿ, ತಟ್ಟೆ ಮುಚ್ಚಿ.

ಕಾಗದಗಳ ಮಾತು ಮರೆಯಬೇಡಿ. ಉಳ್ಳವನ ಮನೆ ಸುಟ್ಟರೆ ಮನೆ ಮಾತ್ರ ಹೋಗ್ತದೆ. ನಮ್ಮದು ಸುಟ್ಟರೆ ನಾವೇ ಇಲ್ಲವಾಗ್ತೇವೆ. ಸಾಗುವಳಿ ಚೀಟಿ ಹೋದರೆ ೧೯೭೮ರ ಪಿ.ಟಿ.ಸಿ.ಎಲ್. ಕಾಯ್ದೆಯಲ್ಲಿ ಭೂಮಿ ವಾಪಸ್ಸು ಕೇಳೋ ಬಾಯಿಯೇ ಹೋಯಿತು. ಹಕ್ಕುಪತ್ರ, ಜಾತಿ ಪತ್ರ, ರೇಷನ್ ಕಾರ್ಡು ಎಲ್ಲ ಒಂದು ತಗಡಿನ ಪೆಟ್ಟಿಗೇಲಿ ಬಾಗಿಲ ಹತ್ತಿರ ಇಡಿ. ಒಂದೊಂದು ನಕಲು ಬೇರೆ ಊರಿನ ನೆಂಟರ ಮನೇಲಿರಲಿ. ಪೆಟ್ಟಿಗೆಗೆ ಅಂತ ಉರಿಯೊಳಗೆ ವಾಪಸ್ಸು ಮಾತ್ರ ನುಗ್ಗಬೇಡಿ.

ಕರೆಯಬೇಕಾದ ನಂಬರು ೧೦೧, ಇಲ್ಲವೇ ೧೧೨. ಬೆಂಕಿ ಆರಿಸಿದ್ದಕ್ಕೆ ದುಡ್ಡಿಲ್ಲ. ತಾಲ್ಲೂಕು, ಹೋಬಳಿ, ಊರು, ಯಾವ ರಸ್ತೆಯಿಂದ ತಿರುಗಬೇಕು, ಒಳಗೆ ಜನ ಸಿಕ್ಕಿದ್ದಾರೋ, ಸಿಲಿಂಡರ್ ಇದೆಯೋ ಹೇಳಿ. ಅವರು ಇಡೋವರೆಗೆ ನೀವು ಫೋನು ಇಡಬೇಡಿ. ಇಬ್ಬರು ಹುಡುಗರನ್ನು ಟಾರ್ಚು ಕೊಟ್ಟು ಮುಖ್ಯರಸ್ತೆಗೆ ಓಡಿಸಿ.

ಕೊನೆಗೆ ಒಂದು ತಾರೀಖು. ೧೯೪೪ರ ಏಪ್ರಿಲ್ ೧೪ರಂದು ಮುಂಬಯಿ ಬಂದರಿನಲ್ಲಿ ಹತ್ತಿ ಮತ್ತು ಮದ್ದುಗುಂಡು ಜೊತೆಯಾಗಿ ತುಂಬಿದ್ದ ಹಡಗು ಸಿಡಿದು, ಆರಿಸಲು ಹೋದ ೬೬ ಜನ ಅಗ್ನಿಶಾಮಕರು ಸತ್ತರು. ಅವರ ನೆನಪಿಗೆ ಅದೇ ದಿನದಿಂದ ದೇಶದಲ್ಲೆಲ್ಲ ಅಗ್ನಿಶಾಮಕ ಸಪ್ತಾಹ. ಅದೇ ದಿನ ನಮಗೆ ಬಾಬಾಸಾಹೇಬರ ಜಯಂತಿ. ಅವರು ಕಾರ್ಖಾನೆ, ಮಾಲು, ಕಾನ್ವೆಂಟುಗಳಲ್ಲಿ ಬೆಂಕಿ ಹಚ್ಚಿ ಆರಿಸಿ ತೋರಿಸ್ತಾರೆ. ನಾವು ಹಾರ ಹಾಕಿ, ಮೈಕು ಹಚ್ಚಿ, ಊಟ ಮಾಡಿ ಮಲಗ್ತೇವೆ. ಈ ಸಾರಿ ಗಾಡಿ ನಮ್ಮ ಕೇರಿಗೆ ಬರಲಿ, ಬಾಬಾಸಾಹೇಬರ ಪಟದ ಮುಂದೆ ನಮ್ಮ ಹೆಂಗಸರಿಗೂ ಹುಡುಗರಿಗೂ ಕಲಿಸಲಿ. ಅದು ಓಣಿಯಲ್ಲಿ ಎಲ್ಲಿ ಸಿಕ್ಕಿಕೊಳ್ತದೆ ಅಂತ ಠಾಣಾಧಿಕಾರಿಯೂ ತಹಸೀಲ್ದಾರರೂ ಕಣ್ಣಾರೆ ನೋಡಲಿ. ಬೆಂಕಿ ಬಿದ್ದ ರಾತ್ರಿಗಿಂತ ಅವತ್ತು ಸಿಕ್ಕಿಕೊಳ್ಳೋದು ವಾಸಿ.

ಪ್ರತಿ ಕೇರಿಯವರೂ ಮುಂದಿನ ಸಭೆಗೆ ಒಂದು ಹಾಳೆ ಬರೆದು ತನ್ನಿ. ಅಗ್ನಿಶಾಮಕ ಠಾಣೆ ಎಷ್ಟು ದೂರ, ಗಾಡಿ ಎಲ್ಲಿಗೆ ನಿಲ್ಲುತ್ತದೆ, ಹತ್ತಿರದ ನೀರು ಯಾರ ಸ್ವಾಧೀನದಲ್ಲಿದೆ, ಸೋಗೆ ಮನೆ ಎಷ್ಟು, ಕಾಲೋನಿಯ ಹೆಸರೇನು. ಬರೆಯೋಕೆ ಬಾರದಿದ್ದವರು ಬಾಯಲ್ಲಿ ಹೇಳಿ, ನಾವು ಬರೆದುಕೊಳ್ತೇವೆ. ಎಲ್ಲ ಹಾಳೆ ಜೋಡಿಸಿ ಜಿಲ್ಲಾಧಿಕಾರಿಗೆ ಕೊಟ್ಟು, ಸ್ವೀಕೃತಿ ತಗೊಂಡೇ ಬರೋದು.